ಮೊದಲನೆಯ ಮನೆ

ನಮ್ಮ ಬೀದಿಯ ಮುದುಕ ಮುದುಕಿಯರ ಕಾಲುಗುರಿನ ಗುಟ್ಟೆಲ್ಲ ಗೊತ್ತಿದ್ದವರು ಒಬ್ಬರೇ. ಯಾರ ಹೆಬ್ಬೆರಳಿನ ಉಗುರು ಒಳಕ್ಕೆ ಬೆಳೆಯುತ್ತೆ, ಯಾರಿಗೆ ಅಂಗಾಲು ಮುಟ್ಟಿದರೆ ಕಚಗುಳಿ, ಯಾರು ಒಡೆದ ಹಿಮ್ಮಡಿ ಸೊಸೆಗೆ ಕಾಣಬಾರದು ಅಂತ ಬೇಸಿಗೆಯಲ್ಲೂ ಸಾಕ್ಸ್ ಹಾಕಿಕೊಂಡು ಓಡಾಡ್ತಾರೆ, ಎಲ್ಲ ಅವರಿಗೆ ಗೊತ್ತಿತ್ತು. ಒಂದು ಮನೆಯ ಗುಟ್ಟನ್ನು ಇನ್ನೊಂದು ಮನೆಯಲ್ಲಿ ಬಿಟ್ಟುಕೊಟ್ಟವರಲ್ಲ. ನಾನಾಗಿದ್ದರೆ ಅಷ್ಟು ವಿಷಯ ಹೊಟ್ಟೆಯಲ್ಲಿಟ್ಟುಕೊಂಡು ಒಂದು ದಿನವೂ ಬದುಕುತ್ತಿರಲಿಲ್ಲ, ಅದು ಬೇರೆ ಮಾತು.

ಅವರಿಗೊಂದು ಹೆಸರಿತ್ತು. ಆದರೆ ಬೀದಿಗೆಲ್ಲ ಅವರು ಸಿಸ್ಟರ್. ಕನ್ಯಾಸ್ತ್ರೀ ಅಲ್ಲ, ನರ್ಸು. ಬಸವೇಶ್ವರನಗರದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆಗಿದ್ದ ಸಣ್ಣ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುತ್ತಿದ್ದರು, ಡ್ರೆಸ್ಸಿಂಗ್ ಮಾಡುತ್ತಿದ್ದರು. ಕೊಳ್ಳೇಗಾಲದ ಕಡೆಯವರು. ಕುಳ್ಳಗೆ, ಕಪ್ಪಗೆ, ಬಿಗಿಯಾಗಿ ಹೆಣೆದ ಜಡೆ, ಕೈಗೆ ಗಂಡಸರ ವಾಚು. ನಡೆಯುವಾಗ ಬಸ್ಸು ತಪ್ಪಿಹೋಗುತ್ತೇನೋ ಅನ್ನುವ ಹಾಗೆ ನಡೆಯುತ್ತಿದ್ದರು, ಕೂತರೆ ಮಾತ್ರ ಏಳುವ ಆತುರವೇ ಇರುತ್ತಿರಲಿಲ್ಲ. ಮೊದಲು ನಮ್ಮ ಮನೆಯ ಹಿಂದಿನ ಪೋರ್ಷನ್ನಿನಲ್ಲೇ ಗಂಡನ ಜೊತೆ ಬಾಡಿಗೆಗಿದ್ದರು. ಗಂಡ ತೀರಿಕೊಂಡ ಮೇಲೆ ಅದೇ ಬೀದಿಯಲ್ಲಿ ಮೂರು ಮನೆ ಆಚೆ, ಎರಡನೇ ಮಹಡಿಗೆ ಹೋದರು. ಮಕ್ಕಳಿರಲಿಲ್ಲ.

ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಅವರ ತಪಸ್ಸಿನ ಕಾಲ ಶುರುವಾಗುತ್ತಿತ್ತು. ಲೆಂಟ್ ಅಂತಾರಲ್ಲ, ಅದು. ಯೇಸುವಿನ ಶಿಲುಬೆಯನ್ನು ನೆನೆಯುವ ಶುಕ್ರವಾರ, ಆಮೇಲಿನ ಹಬ್ಬ, ಅದಕ್ಕೆ ಮುಂಚಿನ ನಲವತ್ತು ದಿನ. ಎಲ್ಲರೂ ಮಾಂಸ ಬಿಡ್ತಾರೆ, ಮೀನು ಬಿಡ್ತಾರೆ. "ನೀವೇನು ಬಿಡ್ತೀರಿ ಸಿಸ್ಟರ್?" ಅಂತ ಒಂದು ಸಲ ಕೇಳಿದ್ದಕ್ಕೆ, "ನಾನು ಮಾಂಸ ಬಿಟ್ರೆ ದೇವರಿಗೇನು ಬಂತು, ನಂಗೆ ಮೊದಲೇ ಅಷ್ಟು ಸೇರಲ್ಲ. ಅಕ್ಕಪಕ್ಕದೋರನ್ನ ಪ್ರೀತಿ ಮಾಡು ಅಂದವ್ರೆ, ಅದನ್ನ ಮಾಡಿ ನೋಡಾಣ ಅಂತ" ಅಂದಿದ್ದರು. ಆ ಪ್ರೀತಿಯನ್ನು ಮಾಡುವುದಕ್ಕೆ ಅವರು ಕಂಡುಕೊಂಡ ದಾರಿ ಕಾಲುಗುರು. ದಿನಕ್ಕೊಂದು ಮನೆ, ನಲವತ್ತು ದಿನಕ್ಕೆ ನಲವತ್ತು ಮನೆ. ಭಾನುವಾರ ಲೆಕ್ಕಕ್ಕಿಲ್ಲ, ಅವತ್ತು ಅವರಿಗೂ ರಜಾ. ನೀಲಿ ಪ್ಲಾಸ್ಟಿಕ್ ಟಬ್ಬು ಕಂಕುಳಲ್ಲಿ, ಜಿಪ್ಪಿನ ಚೀಲ ಕೈಯಲ್ಲಿ, ಬಂದು ಬಿಸಿ ನೀರು ಕೇಳುತ್ತಿದ್ದರು. ವಯಸ್ಸಾದವರ ಕಾಲನ್ನು ಹತ್ತು ನಿಮಿಷ ನೆನೆಸಿ, ತೊಳೆದು, ಟವೆಲಿನಲ್ಲಿ ಒರೆಸಿ, ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರು ಕತ್ತರಿಸುತ್ತಿದ್ದರು. ಕೊನೆಗೆ ಕೊಬ್ಬರಿ ಎಣ್ಣೆ.

ಇದೇನು ಮಹಾ ಅಂತ ಅನ್ನಿಸಬಹುದು. ಎಪ್ಪತ್ತೈದು ದಾಟಿದ ಮೇಲೆ ಬಗ್ಗಿ ಕಾಲುಗುರು ಕತ್ತರಿಸಿಕೊಳ್ಳುವುದಕ್ಕೆ ಆಗುವುದಿಲ್ಲ ಸ್ವಾಮಿ. ಉಗುರು ಹುಣಿಸೇಬೀಜದ ಹಾಗೆ ದಪ್ಪಗಾಗಿ ಸುತ್ತಿಕೊಂಡಿರುತ್ತೆ. ಮಕ್ಕಳನ್ನ ಕೇಳೋಕೆ ನಾಚಿಕೆ, ಸೊಸೆಯನ್ನ ಕೇಳೋಕೆ ಬಿಗುಮಾನ. ಮೂವತ್ತು ವರ್ಷ ನಾನು ನಮ್ಮತ್ತೆಗೆ ಬಡಿಸಿದ್ದೀನಿ, ಬೆನ್ನುಜ್ಜಿದ್ದೀನಿ, ಕಾಲುಗುರು ಮುಟ್ಟಿರಲಿಲ್ಲ. ಮುಟ್ಟಬೇಕು ಅಂತ ತಲೆಗೇ ಹೊಳೆದಿರಲಿಲ್ಲ.

ನಮ್ಮತ್ತೆಗೂ ಸಿಸ್ಟರಿಗೂ ಒಳ್ಳೇ ಜೋಡಿ. ಆ ಕಾಲದ ಮೊದಲನೇ ದಿನಕ್ಕೆ ವಿಭೂತಿ ಬುಧವಾರ ಅಂತಾರೆ, ಬೆಳಗಿನ ಪೂಜೆಯಲ್ಲಿ ಹಣೆಗೆ ಬೂದಿಯಿಂದ ಶಿಲುಬೆ ಎಳೀತಾರೆ. ಮೊದಲನೇ ವರ್ಷ ಅದನ್ನು ನೋಡಿ, ಮೂರು ಬೆರಳಿನ ವಿಭೂತಿ ಇಲ್ಲದೆ ನೀರೂ ಕುಡಿಯದ ನಮ್ಮತ್ತೆ ಹಿಗ್ಗಿಹೋದರು. "ಏನೇ ಸಿಸ್ಟರೂ, ನೀನೂ ಇಟ್ಕೊಂಡ್ಯಾ!"

"ನಮ್ದು ವರ್ಷಕ್ಕೆ ಒಂದೇ ದಿನ ಅಜ್ಜಿ."

"ಒಂದಿನಕ್ಕೆ ಏನು ಸಾಲುತ್ತೆ? ನಾನು ನಿನ್ನ ಪಾಲಿಂದೂ ಸೇರಿಸಿ ದಿನಾ ಹಚ್ಕೋತೀನಿ ಬಿಡು." ಇಬ್ಬರೂ ನಕ್ಕ ನಗು ಅಡುಗೆಮನೆಗೆ ಕೇಳಿಸಿತ್ತು.

ಸಿಸ್ಟರಿಗೆ ನಮ್ಮ ಶಾಸ್ತ್ರಗಳೂ ಬಾಯಿಪಾಠ. ದೀಪ ಹಚ್ಚುವ ಹೊತ್ತಿನಲ್ಲಿ ಉಗುರು ಕತ್ತರಿಸಬಾರದು, ಹಾಗಾಗಿ ನಾಲ್ಕು ಗಂಟೆಗೇ ಬರುತ್ತಿದ್ದರು. ಮಂಗಳವಾರ, ಶುಕ್ರವಾರ ಕೂಡದು, ಆವತ್ತು ತಿರುವಿನಲ್ಲಿದ್ದ ಸಾಬರ ಮನೆಗೋ, ಹೊಸದಾಗಿ ಕಟ್ಟುತ್ತಿದ್ದ ಬಿಲ್ಡಿಂಗಿನ ಶೆಡ್ಡಿನಲ್ಲಿದ್ದ ರಾಯಚೂರಿನ ವಾಚ್‌ಮನ್ ತಾಯಿಯ ಹತ್ತಿರವೋ ಹೋಗುತ್ತಿದ್ದರು. ಕತ್ತರಿಸಿದ ಉಗುರನ್ನು ಒಂದು ಚೂರೂ ನೆಲಕ್ಕೆ ಬೀಳಿಸದೆ ಪೇಪರಿನಲ್ಲಿ ಸುತ್ತಿ ತಾವೇ ಒಯ್ಯುತ್ತಿದ್ದರು. ಒಂದು ದಿನ ಎದುರು ಮನೆಯವರು ಗೇಟಿನಲ್ಲೇ ನಿಲ್ಲಿಸಿ, "ಹಿಂಗೇ ಒಳಗೆ ಬಂದು ನಿಮ್ಮ ಜಾತಿಗೆ ಸೇರಿಸ್ಕೊಳ್ಳೋ ಪ್ಲಾನಾ ಸಿಸ್ಟರ್?" ಅಂತ ನೇರವಾಗಿ ಕೇಳಿಬಿಟ್ಟರು. ಸಿಸ್ಟರ್ ಸ್ವಲ್ಪವೂ ಬಿಸಿಯಾಗಲಿಲ್ಲ. "ಉಗುರು ಹೋದ್ರೆ ಜಾತಿ ಹೋಗಲ್ಲ ಸಾರ್. ಬೇಕಾದ್ರೆ ನೀವೂ ಕೂತು ನೋಡಿ" ಅಂದರು. ಮುಂದಿನ ವರ್ಷ ಅವರ ತಂದೆಯ ಕಾಲು ಸಿಸ್ಟರ ತೊಡೆಯ ಮೇಲಿತ್ತು.

ಬೀದಿಯ ಕೊನೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರಿದ್ದರು. ಸಿಡುಕು ಮೂತಿ. ಅವರ ಸರದಿ ಪ್ರತಿ ವರ್ಷ ನಲವತ್ತನೆಯದು. "ಎಲ್ಲರದೂ ಆದ ಮೇಲೆ ನನ್ನ ಜ್ಞಾಪಕ ಬರುತ್ತೇನಮ್ಮಾ ನಿನಗೆ?" ಅಂತ ಗೊಣಗುತ್ತಿದ್ದರು. ನಮ್ಮ ಮನೆಯದು ಪ್ರತಿ ವರ್ಷ ಮೊದಲನೆಯದು. ವಿಭೂತಿ ಬುಧವಾರ ನಾಲ್ಕು ಗಂಟೆಗೆ ನಮ್ಮ ಗೇಟಿನ ಚಿಲಕ ಸದ್ದಾಗಲೇಬೇಕು. ನಮ್ಮ ಕಡೆ ಮದುವೆ ಮುಂಜಿಯಲ್ಲಿ ಮೊದಲ ತಾಂಬೂಲ ಯಾರಿಗೆ ಕೊಟ್ಟರು ಅನ್ನುವುದರ ಮೇಲೆ ಎಷ್ಟು ಸಂಬಂಧ ಮುರಿದಿದೆ, ನಿಮಗೇ ಗೊತ್ತು. ನಾನು ಇದನ್ನೂ ಹಾಗೇ ತಿಳಿದುಕೊಂಡೆ. ಹೂವು ಮಾರುವವಳಿಂದ ಹಿಡಿದು ಹಾಲಿನ ಬೂತಿನವರೆಗೆ, "ಸಿಸ್ಟರ್ ವ್ರತ ಶುರು ಮಾಡೋದೇ ನಮ್ಮನೆಯಿಂದ ಕಣ್ರೀ" ಅಂತ ಹೇಳಿಕೊಂಡು ತಿರುಗಿದೆ. ಹೆಡ್‌ಮಾಸ್ಟರ ಮುಂದಂತೂ ಬೇಕಂತಲೇ ಹೇಳುತ್ತಿದ್ದೆ.

ಈಗ ಆ ಇನ್ನೊಂದು ವಿಷಯ ಹೇಳಲೇಬೇಕು. ಇಷ್ಟು ಹೊತ್ತು ಉಗುರು, ಎಣ್ಣೆ ಅಂತ ಸುತ್ತಿ ಬಳಸಿ ಬಂದಿದ್ದೇ ಅದನ್ನು ಹೇಳುವ ಧೈರ್ಯ ಇಲ್ಲದೆ.

ಅವರು ನಮ್ಮ ಹಿಂದಿನ ಪೋರ್ಷನ್ನಿನಲ್ಲಿದ್ದಾಗಿನ ಮಾತು. ಅವರ ಮನೆಯವರು ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಮೆತ್ತನೆ ಮನುಷ್ಯ, ಇದ್ದಾರೋ ಇಲ್ಲವೋ ಅನ್ನುವ ಹಾಗಿದ್ದರು. ನಮ್ಮ ಮಗಳ ನಿಶ್ಚಿತಾರ್ಥ ಮನೆಯಲ್ಲೇ ಅಂತ ಆದಾಗ, ನಾನು ಕೇಳುವ ಮೊದಲೇ ಏಣಿ ತಂದು ಬಾಲ್ಕನಿಯಿಂದ ಗೇಟಿನವರೆಗೆ ಸೀರಿಯಲ್ ಸೆಟ್ ಎಳೆದುಕೊಟ್ಟರು. ಬಾಯಲ್ಲಿ ವೈರು ಕಚ್ಚಿಕೊಂಡು, ಕೈಯಲ್ಲಿ ಕೆಂಪು ಹಿಡಿಯ ಸಣ್ಣ ಕಟ್ಟರ್. ಮಾರನೇ ದಿನ ಎದೆನೋವು ಅಂತ ಆಸ್ಪತ್ರೆಗೆ ಹೋದರು. ಎರಡು ದಿನ ಕಳೆದು ನಿಶ್ಚಿತಾರ್ಥದ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಫೋನ್ ಬಡಿದುಕೊಂಡಿತು. ಸಿಸ್ಟರ್, ಆಸ್ಪತ್ರೆ ಮುಂದಿನ ಕಾಯಿನ್ ಬೂತಿನಿಂದ.

"ಹೋಗ್ಬಿಟ್ರು ಅಕ್ಕ," ಅಂದರು. ಆಮೇಲೆ, "ಚರ್ಚಿಗೆ ಹೋಗೋಕೆ ಮುಂಚೆ ಒಂದರ್ಧ ಗಂಟೆ ಮನೆ ಹತ್ರ ತರ್ತೀನಿ. ಅರ್ಧ ಗಂಟೆ ಸಾಕು."

ಹೆಣ ಹಿಂದಿನ ಪೋರ್ಷನ್ನಿಗೆ ಹೋಗಬೇಕಾದರೆ ನಮ್ಮ ಗೇಟಿನಿಂದಲೇ ಬರಬೇಕು, ನಮ್ಮ ಬಾಗಿಲ ಮುಂದಿನ ಓಣಿಯಲ್ಲೇ ಹಾಯಬೇಕು. ರಂಗೋಲಿ ಬಿಟ್ಟಾಗಿತ್ತು. ಬೀಗರು ಹನ್ನೊಂದಕ್ಕೆ ಬರುವವರು. ನಾನು ಏನಂದೆ ಅನ್ನುವುದು ಅಕ್ಷರ ಬಿಡದೆ ನೆನಪಿದೆ. "ಇವತ್ತೊಂದು ದಿನ ಬೇಡ ಸಿಸ್ಟರ್. ನಮ್ದು ಮಗಳ ವಿಷಯ. ಶುಭಕಾರ್ಯದ ಮನೆ. ಆಸ್ಪತ್ರೆಯಿಂದ ನೇರ ಚರ್ಚಿಗೇ ತಗೊಂಡು ಹೋಗ್ಬಿಡಿ."

ಆ ಕಡೆ ಬಸ್ಸಿನ ಹಾರನ್ ಕೇಳಿಸುತ್ತಿತ್ತು. "ಆಯ್ತು ಅಕ್ಕ" ಅಂದರು. ಕಾಯಿನ್ ಮುಗಿದು ಲೈನ್ ಕಟ್ಟಾಯಿತು. ಕಟ್ಟಾಗದೆ ಇದ್ದಿದ್ದರೆ ಇನ್ನೊಂದು ಒಳ್ಳೇ ಮಾತು ಹೇಳುತ್ತಿದ್ದೆ ಅಂತ ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೀನಿ. ಸುಳ್ಳು. ಕಟ್ಟಾಗಿದ್ದಕ್ಕೆ ನನಗೆ ಉಸಿರು ಬಂದ ಹಾಗಾಗಿತ್ತು. ಆ ಸಂಜೆ ಮಗಳ ಫೋಟೋ ತೆಗೆಸಿದ್ದು ಅವರು ಕಟ್ಟಿದ್ದ ದೀಪಗಳ ಕೆಳಗೇ.

ಎರಡು ತಿಂಗಳಿಗೆ ಸಿಸ್ಟರ್ ಮನೆ ಬದಲಾಯಿಸಿದರು. ಜಗಳ ಇಲ್ಲ, ಮಾತಿಲ್ಲ. ಬೀಗದ ಕೈ ಕೊಟ್ಟು ಹೋದರು. ಮುಂದಿನ ವಿಭೂತಿ ಬುಧವಾರ ಮೊದಲ ಸಲ ಟಬ್ಬು ಹಿಡಿದು ಗೇಟಿನಲ್ಲಿ ನಿಂತಾಗ, ಜಗಳಕ್ಕೇ ಬಂದರು ಅಂದುಕೊಂಡೆ. "ಅಜ್ಜಿ ಉಗುರು ಕತ್ತರಿಸೋಣ ಅಂತ ಬಂದೆ" ಅಂದರು. ಓ, ಮರೆತಿದ್ದಾರೆ, ದೊಡ್ಡ ಮನಸ್ಸು ಅಂದುಕೊಂಡು ಬಿಸಿ ನೀರು ಕಾಯಿಸಿ ಕೊಟ್ಟೆ. ಆವತ್ತಿನಿಂದ ಅವರು ನನ್ನನ್ನು ಒಂದು ಸಲವೂ ಅಕ್ಕ ಅನ್ನಲಿಲ್ಲ. ಬರೀ "ನೀವು". ಅದನ್ನೂ ಗಮನಿಸದಷ್ಟು ಜಾಣೆ ನಾನು.

ಹೀಗೇ ಆರು ವರ್ಷ ನಡೆಯಿತು. ಏಳನೆಯ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮತ್ತೆ ಹೋದರು. ಇನ್ನು ಸಿಸ್ಟರ್ ಬರುವುದಿಲ್ಲ ಅಂದುಕೊಂಡಿದ್ದೆ. ವಿಭೂತಿ ಬುಧವಾರ ನಾಲ್ಕಕ್ಕೆ ಗೇಟು ಸದ್ದಾಯಿತು.

"ಅಜ್ಜಿ ಇಲ್ವಲ್ಲ ಸಿಸ್ಟರ್."

"ನೀವಿದೀರಲ್ಲ. ಕೂತ್ಕೊಳ್ಳಿ."

"ಅಯ್ಯೋ, ನಾನೇನು ಮುದುಕೀನಾ?" ಅಂದೆ. ಒಳಗೊಳಗೇ ಖುಷಿ. ಕೂತೆ. ಬಿಸಿ ನೀರಲ್ಲಿ ಕಾಲಿಟ್ಟಾಗ ಹಾಯೆನಿಸಿತು, ಆ ಹಾಯಿಗೆ ಬಾಯಿ ಸಡಿಲವಾಯಿತು. "ಇಷ್ಟೊಂದು ಮನೆ ಇದ್ರೂ ಪ್ರತಿ ವರ್ಷ ಮೊದಲು ನಮ್ಮನೆಗೇ ಬರ್ತೀರಲ್ಲ ಸಿಸ್ಟರ್, ಯಾವ ಜನ್ಮದ ಋಣವೋ!"

ಅವರ ಕೈ ನಿಂತಿತು. ಹಣೆಯ ಬೂದಿ ಬೆವರಿಗೆ ಅರ್ಧ ಅಳಿಸಿತ್ತು.

"ಇವತ್ತಿನ ದಿನ ಸುಳ್ಳು ಹೇಳಬಾರದು," ಅಂದರು. "ಮೊದಲನೇ ಮನೆ ಅಂದ್ರೆ ನೀವು ಅನ್ಕೊಂಡಿರೋ ಹಾಗಲ್ಲ. ಯಾರ ಮನೆ ಮುಂದೆ ಹಾಯುವಾಗ ನನ್ನ ಮುಖ ತಾನಾಗೇ ಆ ಕಡೆ ತಿರುಗ್ಬಿಡುತ್ತೋ, ಆ ಮನೆಯಿಂದ ಶುರು ಮಾಡ್ತೀನಿ. ಪ್ರೀತಿ ಮಾಡೋಕೆ ಕಷ್ಟ ಇರೋರು ಮೊದಲು. ಸುಲಭದೋರು ಕೊನೆಗೆ. ಹೆಡ್‌ಮಾಸ್ಟರ್ ಮೇಲೆ ನಂಗೆ ಪ್ರಾಣ, ಅದಕ್ಕೇ ಅವರು ಕೊನೆ."

ನಾನು ಮೇಲೆತ್ತಿದ್ದ ಸೀರೆಯ ನೆರಿಗೆ ಮಂಡಿಗೆ ಎಳೆದುಕೊಂಡೆ.

"ಪ್ರತಿ ವರ್ಷ ಅನ್ಕೋತೀನಿ, ಮುಂದಿನ ಸಲ ಇವ್ರದು ಇಪ್ಪತ್ತನೇ ಮನೆ ಆಗುತ್ತೆ ಅಂತ. ಇನ್ನೂ ಆಗಿಲ್ಲ. ತಪ್ಪು ನಂದೇ." ಇಷ್ಟು ಹೇಳಿ ಮತ್ತೆ ಉಗುರಿಗೆ ಕೈ ಹಾಕಿದರು.

ಎದ್ದು ಹೋಗೋಣ ಅಂದರೆ ಒಂದು ಕಾಲು ಅವರ ತೊಡೆಯ ಮೇಲೆ, ಇನ್ನೊಂದು ಟಬ್ಬಿನಲ್ಲಿ. "ನಾನೇನು ಮಾಡಿದೀನಿ ನಿಮಗೆ?" ಅಂದೆ. ಏನು ಮಾಡಿದ್ದೀನಿ ಅಂತ ಚೆನ್ನಾಗಿ ಗೊತ್ತಿದ್ದೇ ಕೇಳಿದೆ, ಅದೂ ಜೋರು ದನಿಯಲ್ಲಿ. ಅವರು ತಲೆಯೆತ್ತಿ ಒಂದು ಸಲ ನೋಡಿದರು. "ಆ ಕಾಲು ಕೊಡಿ" ಅಂದರು. ಆಗ ಕಂಡಿತು. ದಪ್ಪ ಉಗುರಿಗೆ ಅಂತ ಇಷ್ಟು ವರ್ಷವೂ ಅವರು ಚೀಲದಿಂದ ತೆಗೆಯುತ್ತಿದ್ದದ್ದು ಆ ಕೆಂಪು ಹಿಡಿಯ ಕಟ್ಟರ್. ಕುದಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ ಫಳಫಳ ಇಟ್ಟಿದ್ದರು. ಅದರಿಂದಲೇ ನನ್ನ ಹೆಬ್ಬೆರಳಿನ ಉಗುರು ಕತ್ತರಿಸಿದರು. ಒಂದಿಷ್ಟೂ ನೋವಾಗಲಿಲ್ಲ.

ಅವರು ಹೋದ ಮೇಲೆ ಸಿಟ್ಟೋ ಸಿಟ್ಟು. ಮನೆಗೆ ಬಂದು, ನನ್ನ ನೀರಲ್ಲಿ ನನ್ನ ಕಾಲು ತೊಳೆದು, ನನ್ನನ್ನೇ ಕೆಟ್ಟವಳು ಅಂದುಹೋದಳಲ್ಲ ಅಂತ ಯಜಮಾನರ ಮುಂದೆ ಕೂಗಾಡಿದೆ. ಅವರು ಪೇಪರು ಮಡಚಿಟ್ಟು, "ಮೂರು ಮನೆ ಆಚೆ ತಾನೇ ಇರೋದು? ಹೋಗಿ ತಪ್ಪಾಯ್ತು ಅಂತ ಒಂದು ಮಾತು ಅಂದು ಬಾ" ಅಂದರು. ಹಾಗೆ ಹೇಳಿದ್ದಕ್ಕೆ ಅವರ ಜೊತೆಗೂ ಎರಡು ದಿನ ಮಾತು ಬಿಟ್ಟೆ.

ಮೂರು ಮನೆ. ಒಂದು ವರ್ಷ ಸಿಕ್ಕಿತು ನನಗೆ, ಆದರೂ ದಾಟಲಿಲ್ಲ. ಹಾಲಿನ ಬೂತಿನಲ್ಲಿ ಸಿಗುತ್ತಿದ್ದರು. ತಪ್ಪಾಯ್ತು ಅನ್ನುವ ಮಾತು ನಾಲಿಗೆ ತುದಿಗೆ ಬಂದು, "ಏನು ಸಿಸ್ಟರ್, ಇವತ್ತು ಹಾಲು ಲೇಟು" ಅಂತ ಹೊರಗೆ ಬೀಳುತ್ತಿತ್ತು. ಒಂದು ಸಲ ಅವರ ಮೆಟ್ಟಿಲವರೆಗೂ ಹೋಗಿದ್ದೆ. ಮೇಲಿಂದ ಯಾರೋ ಇಳಿದು ಬಂದರು ಅಂತ ವಾಪಸ್ ಬಂದೆ. ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುವ ನನಗೆ ಒಂದು ಮಾತು ಆಡುವುದಕ್ಕೆ ಆಗಲಿಲ್ಲ ಅಂದರೆ ನನಗೇ ನಂಬೋಕೆ ಕಷ್ಟ.

ಮುಂದಿನ ವಿಭೂತಿ ಬುಧವಾರ ನಾನು ಗಟ್ಟಿ ಮನಸ್ಸು ಮಾಡಿದೆ. ಮೂರೂವರೆಗೇ ನೀರು ಕಾಯಲಿಕ್ಕಿಟ್ಟೆ. ಈ ಸಲ ಕಾಲು ನೀರಿಗಿಡುವ ಮೊದಲೇ ಹೇಳಿಬಿಡುವುದು. ಮಗಳ ಹೆಸರು ಎತ್ತಬಾರದು, ರಂಗೋಲಿ, ಬೀಗರು ಅಂತ ನೆಪ ಹೇಳಬಾರದು. ನಾಲ್ಕಾಯಿತು, ನಾಲ್ಕೂವರೆಯಾಯಿತು, ನೀರು ಆರಿತು, ಮತ್ತೆ ಕಾಯಿಸಿದೆ. ದೀಪ ಹಚ್ಚುವ ಹೊತ್ತಾಯಿತು. ಸಿಸ್ಟರ್ ಬರಲಿಲ್ಲ.

ಆಗ ನನಗೆ ಏನನ್ನಿಸಿತು ಗೊತ್ತಾ? ಹೇಳೋಕೆ ಈಗ ನಾಚಿಕೆಯಾಗುತ್ತೆ. ಕುಣಿದಾಡುವಷ್ಟು ಖುಷಿಯಾಯಿತು. ನಮ್ಮನೆ ಮೊದಲನೆಯದಲ್ಲ! ಇಪ್ಪತ್ತನೆಯದೋ ಏನೋ ಆಗಿಬಿಟ್ಟಿದೆ! ಬೇರೆ ಯಾವ ಪುಣ್ಯಾತ್ಗಿತ್ತಿಯ ಮನೆಗೆ ಹೋಗಿದ್ದಾರೋ ಇವತ್ತು ಅಂತ ಯಜಮಾನರ ಹತ್ತಿರ ನಕ್ಕೆ. ಕ್ಯಾಲೆಂಡರಿನಲ್ಲಿ ಭಾನುವಾರಗಳನ್ನು ಬಿಟ್ಟು ಬೆರಳಿಟ್ಟು ಎಣಿಸಿ, ಇಪ್ಪತ್ತನೇ ದಿನಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಗುರುವಾರ ಬಿತ್ತು. ಉಗುರಿಗೆ ಅಡ್ಡಿಯಿಲ್ಲದ ದಿನ, ಅವತ್ತೇ ಬರುತ್ತಾರೆ, ಆಗ ಹೇಳಿದರಾಯಿತು, ಅಷ್ಟು ದಿನ ಕಾಯೋಣ ಅಂದುಕೊಂಡೆ. ಹಾಲಿನ ಬೂತಿನಲ್ಲಿ ಕಾಣಲಿಲ್ಲ ಅಂತಲೂ ಗಮನಕ್ಕೆ ಬಂದಿತ್ತು. ವ್ರತದ ಓಡಾಟ, ಪಾಪ, ಅಂದುಕೊಂಡೆ.

ಪೆನ್ಸಿಲ್ ಗುರುತಿಗೆ ಇನ್ನೂ ಮೂರು ದಿನ ಇತ್ತು. ಬೆಳಿಗ್ಗೆ ಎಂಟಕ್ಕೆ ಅವರ ಮನೆ ಮುಂದೆ ಆಟೋ ನಿಂತಿತು. ಇಳಿದವಳು ಕೆಂಗೇರಿಯಲ್ಲಿರುವ ಅವರ ಅಣ್ಣನ ಮಗಳು. ಒಂದೆರಡು ಸಲ ನೋಡಿದ್ದೆ. ಕಣ್ಣು ಊದಿಕೊಂಡಿತ್ತು. ಕೇಳಿದ್ದಕ್ಕೆ ಹೇಳಿದಳು: ವಿಭೂತಿ ಬುಧವಾರಕ್ಕೆ ಎರಡು ದಿನ ಮುಂಚೆ ಕ್ಲಿನಿಕ್ಕಿನಲ್ಲೇ ಕುಸಿದು ಬಿದ್ದರಂತೆ, ಇವಳು ಬಂದು ತಮ್ಮ ಕಡೆಯ ಆಸ್ಪತ್ರೆಗೆ ಸೇರಿಸಿದ್ದಳಂತೆ. ಬೀದಿಯವರೆಲ್ಲ ನನ್ನ ಹಾಗೇ, ನಮ್ಮ ಸರದಿ ಇನ್ನೂ ಬಂದಿಲ್ಲ ಅಂತ ಕೂತಿದ್ದೆವು. ಆ ನಸುಕಿನಲ್ಲಿ ಪ್ರಾಣ ಹೋಯಿತು. ಈಗ ಉಡಿಸೋಕೆ ಒಂದು ಒಳ್ಳೆ ಸೀರೆ ಒಯ್ಯೋದಕ್ಕೆ ಬಂದಿದ್ದಳು.

ಆಮೇಲೆ ಎಲ್ಲಿಂದ ಬಂತೋ ಬಾಯಿ. "ಕೇಳು ಮಗಳೇ, ಅವರ ಮನೆ ಎರಡನೇ ಮಹಡಿ, ಆ ಮೆಟ್ಟಿಲಲ್ಲಿ ಪೆಟ್ಟಿಗೆ ಹತ್ತಿಸೋಕಾಗಲ್ಲ. ನಮ್ಮನೆಗೆ ತಗೊಂಡು ಬಾ. ನಮ್ಮ ಹಾಲಲ್ಲೇ ಮಲಗಿಸು. ಒಂದು ಗಂಟೆಯಲ್ಲ, ಬೇಕಾದ್ರೆ ಸಂಜೆವರೆಗೂ ಇರ್ಲಿ. ಬೀದಿಯೋರೆಲ್ಲ ನೋಡ್ಕೋತಾರೆ." ಅವಳ ಉತ್ತರಕ್ಕೂ ಕಾಯದೆ ಓಡಿದೆ. ಹಾಲಿನ ಸೋಫಾ ಎಳೆದು ಮೂಲೆಗೆ ಹಾಕಿದೆ. ಯಜಮಾನರು ಕಾರು ಬರಲಿ ಅಂತ ಗೇಟಿನ ಎರಡೂ ರೆಕ್ಕೆ ತೆಗೆದು ಇಟ್ಟಿಗೆ ಒತ್ತು ಕೊಟ್ಟರು. ಆ ಗೇಟಿನ ಎರಡನೇ ರೆಕ್ಕೆ ಮಗಳ ನಿಶ್ಚಿತಾರ್ಥದ ದಿನ ತೆಗೆದದ್ದು, ಆಮೇಲೆ ತೆಗೆದೇ ಇರಲಿಲ್ಲ.

ಹುಡುಗಿ ಸೀರೆಯ ಕವರು ಹಿಡಿದು ಗೇಟಿನ ಹೊರಗೇ ನಿಂತಿದ್ದಳು. "ಆಂಟಿ, ಬೇಜಾರು ಮಾಡ್ಕೋಬೇಡಿ," ಅಂದಳು. "ಅತ್ತೆ ಆಸ್ಪತ್ರೇಲೇ ಹೇಳಿದ್ರು. ನೇರ ಚರ್ಚಿಗೇ ತಗೊಂಡು ಹೋಗು, ಬೀದಿ ಕಡೆ ತರಬೇಡ. ಯಾರ ಮನೇಲಿ ಏನು ಶುಭಕಾರ್ಯ ಇರುತ್ತೋ ಅಂತ."

"ಸಿಟ್ಟಲ್ಲಿ ಹೇಳಿದ್ರಾ?" ಅಂದೆ.

"ಇಲ್ಲ ಆಂಟಿ. ಯಾಕೆ ಸಿಟ್ಟು? ಬೀದಿಯೋರಿಗೆಲ್ಲ ತೊಂದ್ರೆ ಆಗಬಾರ್ದು ಅಂತ." ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಒಂದು ವೇಳೆ ಸಿಟ್ಟಲ್ಲೇ ಹೇಳಿದ್ದರೂ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಚರ್ಚಿಗೆ ಹೋದೆವು. ಬೀದಿಯ ಅರ್ಧ ಜನ ಅಲ್ಲಿದ್ದರು, ಯಾವಾಗ ಏಳಬೇಕು ಯಾವಾಗ ಕೂರಬೇಕು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು. ಹೆಡ್‌ಮಾಸ್ಟರು ಕೊನೆಯ ಬೆಂಚಿನಲ್ಲಿ ಕೂತು ಮಗುವಿನ ಹಾಗೆ ಅಳುತ್ತಿದ್ದರು. ಅವರು ಯಾಕೆ ಕೊನೆಯವರಾಗಿದ್ದರು ಅಂತ ನನ್ನೊಬ್ಬಳಿಗೇ ಗೊತ್ತಿತ್ತು. ಹೋಗಿ ಪಕ್ಕದಲ್ಲಿ ಕೂತು ಹೇಳಿದೆ, ಅದೊಂದನ್ನಾದರೂ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ನಿಮ್ಮದು ಎಷ್ಟನೆಯದಿತ್ತಮ್ಮಾ?" ಅಂದರು. ಅವರಿಗೆ ಅದು ಮರೆತುಹೋಗಿತ್ತು. ನಾನು ಎದ್ದು ಪೆಟ್ಟಿಗೆಯ ಸಾಲಿಗೆ ಸೇರಿಕೊಂಡೆ.

ಪೆಟ್ಟಿಗೆಯ ಹತ್ತಿರ ಹೋದಾಗ ಮುಖ ನೋಡುವ ಧೈರ್ಯ ಬರಲಿಲ್ಲ. ಕಾಲು ನೋಡಿದೆ. ಬಿಳಿ ಸಾಕ್ಸ್ ಹಾಕಿದ್ದರು. ಒಳಗೆ ಉಗುರು ಎಷ್ಟು ಬೆಳೆದಿತ್ತೋ, ಅಷ್ಟು ದಿನ ಆಸ್ಪತ್ರೆಯಲ್ಲಿ ಯಾರಾದರೂ ಕತ್ತರಿಸಿದರೋ ಇಲ್ಲವೋ. ಈ ಬೀದಿಯಲ್ಲಿ ಅಷ್ಟು ಜನರ ಕಾಲು ಹಿಡಿದರಲ್ಲ, ಅವರ ಕಾಲು ಹಿಡಿದವರು ನಮ್ಮಲ್ಲಿ ಒಬ್ಬರಿಲ್ಲ. ಸಾಕ್ಸಿನ ಮೇಲೆ ಕೈಯಿಟ್ಟು ತಪ್ಪಾಯ್ತು ಸಿಸ್ಟರ್ ಅಂದೆ. ಹಿಂದಿದ್ದವರು ಮುಂದೆ ಹೋಗಿ ಅಂತ ತಳ್ಳಿದರು.

ಮನೆಗೆ ಬಂದಾಗ ಸಂಜೆಯಾಗಿತ್ತು. ಗೇಟಿನ ಎರಡೂ ರೆಕ್ಕೆ ಬೆಳಿಗ್ಗೆ ಇಟ್ಟಿಗೆ ಇಟ್ಟ ಹಾಗೇ ತೆರೆದುಕೊಂಡಿದ್ದವು. ಯಜಮಾನರು ಇಟ್ಟಿಗೆ ತೆಗೆಯೋಕೆ ಬಗ್ಗಿ, ನನ್ನ ಮುಖ ನೋಡಿ, "ಹಾಕಿಬಿಡ್ಲಾ?" ಅಂದರು.

"ಒಂದರ್ಧ ಗಂಟೆ ಇರಲಿ ಬಿಡಿ" ಅಂದೆ.